ಬ್ಯಾಟರಿ ಯಜಮಾನರು

ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಕೇರಿಯುದ್ದಕ್ಕೂ ಲಟಲಟ ಬಡಿದುಕೊಳ್ಳುತ್ತಿದ್ದ ವಿದ್ಯುತ್ ಮಗ್ಗಗಳು ಒಟ್ಟಿಗೇ ಬಾಯಿ ಮುಚ್ಚುತ್ತವೆ. ಆಮೇಲೆ ಮೊದಲು ಕೇಳಿಸುವ ಮನುಷ್ಯರ ದನಿ ಬ್ಯಾಟರಿ ಯಜಮಾನರದು: "ಹಾಲ್ ಫ್ಯಾನ್ ಆರಿಸ್ರೋ! ನಾಲ್ಕು ಜನ ಒಂದೇ ರೂಮಲ್ಲಿ ಕೂತ್ಕೊಂಡ್ರೆ ಏನು ಗಂಟು ಹೋಗುತ್ತೆ?"

ಇವರು ಇಂಥವರೇ ಎಂದು ಬೊಟ್ಟು ಮಾಡುವ ಅಗತ್ಯವಿಲ್ಲ. ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ಎಲ್ಲಿ ಹೋದರೂ ಬೀದಿಗೊಬ್ಬರು ಸಿಗುತ್ತಾರೆ. ನಿವೃತ್ತ ಮೇಷ್ಟ್ರು, ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವರು, ಮಗ್ಗವನ್ನು ಮಕ್ಕಳಿಗೆ ಬಿಟ್ಟುಕೊಟ್ಟವರು. ಟಿವಿ ರಿಮೋಟ್ ಮೊಮ್ಮಗನ ಪಾಲಾಗಿ, ಅಡುಗೆಮನೆ ಸೊಸೆಯ ಪಾಲಾಗಿ, ಪಹಣಿ ಪತ್ರ ಹಿರೀಮಗನ ಬೀರು ಸೇರಿದ ಮೇಲೆ, ಮನೆಯಲ್ಲಿ ಯಾರೂ ಕೇಳದೆ ಉಳಿದ ಒಂದೇ ಒಂದು ಖಾತೆ ಮೆಟ್ಟಿಲ ಕೆಳಗಿನ ಯುಪಿಎಸ್. ಅದನ್ನು ಇವರು ವಹಿಸಿಕೊಂಡರು. ಈಗ ಬೆಸ್ಕಾಂನವರಿಗಿಂತ ಕಟ್ಟುನಿಟ್ಟಾಗಿ ನಡೆಸುತ್ತಿದ್ದಾರೆ.

ಮೆಟ್ಟಿಲ ಕೆಳಗೇ ಏಕೆ ಎಂದರೆ ಅದು ಮನೆಯಲ್ಲೇ ತಂಪಾದ ಜಾಗ. ಬ್ಯಾಟರಿಯ ಸುತ್ತ ಹತ್ತು ಡಿಗ್ರಿ ಸೆಕೆ ಹೆಚ್ಚಾದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಯಾರಕರೂ ಒಪ್ಪುವ ಲೆಕ್ಕ. ಯಜಮಾನರು ಇದನ್ನು ತಿಳಿದ ದಿನವೇ ತಾರಸಿಯ ಶೀಟ್ ರೂಮಿನಲ್ಲಿದ್ದ ಬ್ಯಾಟರಿಯನ್ನು ಇಬ್ಬರು ಆಳುಗಳಿಂದ ಕೆಳಗಿಳಿಸಿದರು. ಮೆಟ್ಟಿಲ ಕೆಳಗೆ ಚಾಪೆ ಹಾಸಿಕೊಂಡು ಪಿಯುಸಿಗೆ ಓದುತ್ತಿದ್ದ ಮೊಮ್ಮಗ ಶೀಟ್ ರೂಮಿಗೆ ಹೋದ. ಅವನ ಆಯಸ್ಸಿನ ಲೆಕ್ಕವನ್ನು ಯಾವ ತಯಾರಕರೂ ಕೊಟ್ಟಿಲ್ಲ.

ನೀರು ಹಾಕುವ ದಿನ ಯಜಮಾನರನ್ನು ನೋಡಬೇಕು. ಸ್ನಾನ ಮುಗಿಸಿ, ಹಳೇ ಪಂಚೆ ಉಟ್ಟು, ಕನ್ನಡಕ ಒರೆಸಿಕೊಂಡು ಕೂರುತ್ತಾರೆ. ಹಳೇ ಪಂಚೆ ಏಕೆಂದರೆ ಆಸಿಡ್ ಒಂದು ತೊಟ್ಟು ಸಿಡಿದರೂ ಬಟ್ಟೆ ಎರಡು ಒಗೆತಕ್ಕೆ ಜರಡಿಯಾಗುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿಯೊಳಗೆ ಎರಡೆರಡು ವೋಲ್ಟಿನ ಆರು ಕೋಣೆ, ಆರಕ್ಕೂ ಒಂದೊಂದು ಮುಚ್ಚಳ. ಅದರಲ್ಲಿ ಏಳುವ ಕಡ್ಡಿ ಕೆಂಪಿಗೆ ಇಳಿಯಿತೋ ಹಸಿರಿನಲ್ಲಿದೆಯೋ ಎಂದು ಟಾರ್ಚ್ ಬಿಟ್ಟು ನೋಡುತ್ತಾರೆ. ಚಾರ್ಜ್ ತುಂಬಿದ ಮೇಲೆಯೇ ನೀರು, ಮೊದಲೇ ಹಾಕಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಮುಳುಗುವಷ್ಟು ಮೊದಲೇ ಹಾಕಬಹುದು. ಹಾಗಾಗಲು ಬಿಟ್ಟವರನ್ನು ಅವರು ಸಂಸಾರಸ್ಥರ ಪಟ್ಟಿಗೆ ಸೇರಿಸುವುದಿಲ್ಲ. ಆಸಿಡ್ ಆವಿಯಾಗುವುದಿಲ್ಲ, ಹೋಗುವುದು ನೀರು ಮಾತ್ರ, ಆದ್ದರಿಂದ ಆಸಿಡ್ ಸೇರಿಸಬಾರದು. ಇದನ್ನು ಅವರು ಹಾಲಿನವನಿಗೂ ಒಮ್ಮೆ ವಿವರಿಸಿದ್ದಾರೆ. ನೀರು ಸೇರಿಸುವ ವಿಷಯ ಎಂದುಕೊಂಡು ಅವನು ಸ್ವಲ್ಪ ಗಾಬರಿಯಾದನಂತೆ.

ಇನ್ನು ಯಾವ ನೀರು ಎಂಬುದು. ಸಾವಿರ ಅಡಿ ಕೊರೆದು ತೆಗೆದ ನಮ್ಮ ಬೋರ್‌ವೆಲ್ ನೀರು ಪಾತ್ರೆಯ ತಳದಲ್ಲೇ ಸುಣ್ಣ ಬಳಿಯುವಂಥದ್ದು, ಬ್ಯಾಟರಿಯ ಹತ್ತಿರ ಸುಳಿಯುವಂತಿಲ್ಲ. ಸೊಸೆ ಒಮ್ಮೆ ಆರ್‌ಒ ಫಿಲ್ಟರಿನ ನೀರು ತಂದುಕೊಟ್ಟಳು. ಯಜಮಾನರು ಲೋಟ ಹಿಂದಕ್ಕೆ ತಳ್ಳಿ, "ಇದು ಮನುಷ್ಯರು ಕುಡಿಯೋಕೆ ಸಾಕಮ್ಮ, ಬ್ಯಾಟರಿಗೆ ಆಗಲ್ಲ" ಎಂದರು. ದೇವನಹಳ್ಳಿಯ ಏರ್‌ಪೋರ್ಟ್ ಪಕ್ಕ ವಿಲ್ಲಾ ಕಟ್ಟಿರುವ ಷಡ್ಡಕ, ಏಸಿಯಿಂದ ಸೋರುವ ನೀರನ್ನು ಐದು ಲೀಟರ್ ಕ್ಯಾನಿನಲ್ಲಿ ತುಂಬಿ, ಜೊತೆಗೆ ಎರಡು ದೇವನಹಳ್ಳಿ ಚಕ್ಕೋತ ಇಟ್ಟು ಕಳಿಸಿದರು. ಚಕ್ಕೋತ ಮನೆಯೊಳಗೆ ಬಂತು. ಕ್ಯಾನು ಹೊರಗೇ ತುಳಸಿ ಗಿಡಕ್ಕೆ ಖಾಲಿಯಾಯಿತು. ಏಸಿಯ ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆ, ಅದರ ಮೇಲಿನ ಧೂಳು, ಎಲ್ಲ ತೊಳೆದು ಬಂದ ನೀರದು ಎಂದು ಷಡ್ಡಕರಿಗೆ ಫೋನ್ ಮಾಡಿ ಹೇಳಿದರು. ಆ ಎರಡು ಮನೆಗಳ ನಡುವೆ ಈಗ ಶುಭಕಾರ್ಯಕ್ಕೆ ಮಾತ್ರ ಮಾತು.

ಯುಪಿಎಸ್ ಲೈನಿಗೆ ಸೇರಿದ ಪಾಯಿಂಟುಗಳ ಪಕ್ಕ ಕೆಂಪು ಪೇಂಟಿನ ಬೊಟ್ಟು ಇದೆ. ಅಲ್ಲಿ ಮೊಬೈಲ್ ಚುಚ್ಚುವವರು ಅನುಮತಿ ಕೇಳಬೇಕು. ಗ್ರಹಚಾರಕ್ಕೆ ನೆಲಮಂಗಲದ ಬೀಗರೊಬ್ಬರು ಕರೆಂಟ್ ಹೋದಾಗ ಮಿಕ್ಸಿಯನ್ನೇ ಚುಚ್ಚಿ ಚಟ್ನಿ ಅರೆದರು. ಯಜಮಾನರು ಅಂದು ಚಟ್ನಿ ಮುಟ್ಟಲಿಲ್ಲ. ಬೀಗರನ್ನು ಕೂರಿಸಿಕೊಂಡು, 750 ವ್ಯಾಟನ್ನು ಹನ್ನೆರಡರಿಂದ ಭಾಗಿಸಿದರೆ ಅರವತ್ತೆರಡೂವರೆ ಆಂಪಿಯರ್, ಯುಪಿಎಸ್ ನುಂಗುವುದೂ ಸೇರಿ ಎಪ್ಪತ್ತು ಎಂದು ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದರು. 150 ಆಂಪಿಯರ್-ಅವರ್ ಎಂದು ಅಚ್ಚು ಹಾಕಿರುವುದು ಏಳೂವರೆ ಆಂಪಿಯರಿನಂತೆ ಇಪ್ಪತ್ತು ಗಂಟೆ ಮೆಲ್ಲಗೆ ಎಳೆದರೆ ಮಾತ್ರ. ಅವಸರದಲ್ಲಿ ಎಳೆದರೆ ಅಷ್ಟು ಸಿಗುವುದಿಲ್ಲ, ಜರ್ಮನಿಯ ಪ್ಯೂಕರ್ಟ್ 1897ರಲ್ಲೇ ಇದನ್ನು ಸೂತ್ರ ಮಾಡಿಟ್ಟಿದ್ದಾನೆ. ಬೀಗರು ತಲೆಯಾಡಿಸಿ, "ಚಟ್ನಿ ನುಣ್ಣಗಾಗಿತ್ತು" ಎಂದರು.

ಅರ್ಧಕ್ಕಿಂತ ಕೆಳಗೆ ಬ್ಯಾಟರಿಯನ್ನು ಇಳಿಸಬಾರದು ಎಂಬುದು ಇವರ ಸಂವಿಧಾನದ ಮೊದಲ ವಿಧಿ. ಖಾಲಿಯಾಗುತ್ತಾ ಹೋದಂತೆ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ, ಹಾಗೇ ಬಿಟ್ಟರೆ ಕಲ್ಲಾಗುತ್ತದೆ. ಆದ್ದರಿಂದ ವೋಲ್ಟ್‌ಮೀಟರ್ 12.2ರ ಹತ್ತಿರ ಬಂದರೆ ಯಜಮಾನರೇ ಎದ್ದು ಯುಪಿಎಸ್ ಆರಿಸಿ ಮೇಣದಬತ್ತಿ ಹಚ್ಚುತ್ತಾರೆ. 2023ರ ಬರಗಾಲದ ಅಕ್ಟೋಬರಿನಲ್ಲಿ ರಾಜ್ಯದ ತುಂಬ ಲೋಡ್ ಶೆಡ್ಡಿಂಗ್ ನಡೆದಾಗ, ಬೀದಿಯಲ್ಲಿ ಯುಪಿಎಸ್ ಇಲ್ಲದ ಮನೆಗಳೂ ಇವರ ಮನೆಯೂ ಒಂದೇ ರೀತಿ ಕತ್ತಲಾಗಿದ್ದವು. ವ್ಯತ್ಯಾಸವೆಂದರೆ ಇವರ ಮನೆಯಲ್ಲಿ ಅರ್ಧ ಬ್ಯಾಟರಿ ಭದ್ರವಾಗಿತ್ತು.

ಕರೆಂಟ್ ಹೋಗದಿದ್ದರೆ ಇನ್ನೂ ಕಷ್ಟ. ತಿಂಗಳಾನುಗಟ್ಟಲೆ ಬರೀ ಚಾರ್ಜಿನಲ್ಲೇ ಕೂತ ಬ್ಯಾಟರಿಯಲ್ಲಿ ಆಸಿಡ್ ತಳಕ್ಕಿಳಿದು ಮೇಲೆ ನೀರು ನಿಲ್ಲುತ್ತದೆ, ಆಗಾಗ ಅದಕ್ಕೆ ದುಡಿಮೆ ಬೇಕು. ಬೆಸ್ಕಾಂ ಆ ತಿಂಗಳು ಕೃಪೆ ಮಾಡದಿದ್ದರೆ ಯಜಮಾನರು ತಾವೇ ಮೇನ್ ಸ್ವಿಚ್ ಎಳೆಯುತ್ತಾರೆ. ಟಿವಿ ಯುಪಿಎಸ್ ಲೈನಿನಲ್ಲಿಲ್ಲ. ಒಮ್ಮೆ ಆರ್‌ಸಿಬಿ ಪಂದ್ಯದ ಕೊನೆಯ ಓವರಿನಲ್ಲಿ ಈ ಕಾರ್ಯಕ್ರಮ ನಡೆದು, ಊರಿಡೀ ಬೆಳಕಿದ್ದಾಗ ಇವರ ಮನೆಯಿಂದ ಮಾತ್ರ ಮೂವರು ಗಂಡಸರು ಪಕ್ಕದ ಮನೆಗೆ ಓಡಿದರು. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಮನೆಯಲ್ಲಿ ಯಾವ ಉಳಿತಾಯಕ್ಕೆ ಈ ಶಿಕ್ಷೆ ಎಂದು ಮಗ ಕೇಳಿದ. "ಕರೆಂಟ್ ಸರ್ಕಾರದ್ದು, ಬ್ಯಾಟರಿ ನಂದು" ಎಂದು ಉತ್ತರ ಬಂತು.

ಆಯುಧಪೂಜೆಗೆ ಮಗ್ಗದ ಪಕ್ಕದಲ್ಲೇ ಬ್ಯಾಟರಿಗೂ ಕುಂಕುಮ, ಸೇವಂತಿಗೆ. ಆದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಕಿಡಿ ಸೋಕಿದರೆ ಸಿಡಿಯುತ್ತದೆ. ಹಾಗಾಗಿ ಪುರೋಹಿತರು ಹಜಾರದ ಆ ಕೊನೆಯಲ್ಲಿ ನಿಂತು ಅಲ್ಲಿಂದಲೇ ಮಂಗಳಾರತಿ ಎತ್ತಬೇಕು. ಪುರೋಹಿತರು ಒಂದು ಸಲ ಕೇಳಿಯೂ ಬಿಟ್ಟರು, ಇಷ್ಟು ಮಡಿ ಯಾಕೆ ಸ್ವಾಮಿ ಎಂದು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಆದರೆ ಫ್ರಾನ್ಸಿನ ಪ್ಲಾಂಟೆ ಈ ಸೀಸದ ಬ್ಯಾಟರಿ ಮಾಡಿದ್ದು 1859ರಲ್ಲಿ, ಹಿರಿಯರಿಗೆ ಮರ್ಯಾದೆ ಕೊಡಬೇಡವೇ ಎಂದರು ಯಜಮಾನರು.

ಅವರ ಕೀರ್ತಿ ಕಡಲನ್ನೂ ದಾಟಿದೆ. ಅಮೆರಿಕದಲ್ಲಿರುವ ಅಣ್ಣನ ಮಗ ಕಾರಿನ ಹಿಂದೆ ಕಟ್ಟಿ ಎಳೆಯುವ ಒಂದು ಗಾಲಿಮನೆ ಕೊಂಡ. ಮಂಚ, ಒಲೆ, ಫ್ರಿಜ್ ಎಲ್ಲ ಇರುವ ಮನೆ. ಕಾಡಿನ ನಡುವೆ ನಿಲ್ಲಿಸಿದರೆ ಎರಡನೇ ರಾತ್ರಿಗೇ ದೀಪ ಮಂಕು ಎಂದು ವಿಡಿಯೋ ಕಾಲಿನಲ್ಲಿ ಅಲವತ್ತುಕೊಂಡ. ಯಜಮಾನರು ನೆಟ್ಟಗೆ ಕೂತರು. ಕಾರು ಸ್ಟಾರ್ಟ್ ಮಾಡುವ ತೆಳು ಪ್ಲೇಟಿನ ಬ್ಯಾಟರಿಯೋ, ಆಳಕ್ಕಿಳಿದು ಏಳುವ ದಪ್ಪ ಪ್ಲೇಟಿನದೋ? ಗಾಲಿಮನೆ ಶೆಡ್ಡಿನಲ್ಲಿ ನಿಂತಾಗ ಗ್ಯಾಸ್ ಸೋರಿಕೆಯ ಅಲಾರಂ ಕರೆಂಟ್ ಹೀರುತ್ತಿರುತ್ತದೆ, ವೈರ್ ಬಿಚ್ಚಿದ್ದೀಯಾ? ಚಳಿಗಾಲಕ್ಕೆ ಮೊದಲು ತುಂಬ ಚಾರ್ಜ್ ಮಾಡಿದ್ದೀಯಾ? ಖಾಲಿ ಬ್ಯಾಟರಿಯಲ್ಲಿ ನೀರಿನಂಶ ಹೆಚ್ಚಿ ಹೆಪ್ಪುಗಟ್ಟುತ್ತದೆ, ಡಬ್ಬಿ ಬಿರಿಯುತ್ತದೆ. ಹುಡುಗ ಬೆರಗಾದ. ಹಿಮವನ್ನೇ ಕಾಣದ ದೊಡ್ಡಬಳ್ಳಾಪುರದಲ್ಲಿ ಕೂತು ಇದೆಲ್ಲ ಹೇಗೆ ಗೊತ್ತು ಎಂದ. "ನಿನ್ನ ಮನೆಗೆ ಗಾಲಿ ಇದೆ, ನಮ್ಮದಕ್ಕಿಲ್ಲ. ಬ್ಯಾಟರಿ ಅದೇ" ಎಂದರು. ಮುಂದಿನ ಸಲ ಊರಿಗೆ ಬರುವಾಗ ಅವನು ತಂದದ್ದು ಚಾಕಲೇಟ್ ಅಲ್ಲ, ಗಾಜಿನ ಹೈಡ್ರೋಮೀಟರ್. ಅದನ್ನು ಮುಳುಗಿಸಿ 1.240 ಓದಿದ ದಿನ ಯಜಮಾನರು ಪಾಯಸ ಮಾಡಿಸಿದರು.

ಮೂರು ವರ್ಷ ಪೂರ್ತಿ, ಎರಡು ವರ್ಷ ರಿಯಾಯಿತಿ ಎಂಬ ವಾರಂಟಿ ಕಾರ್ಡು ಹಳದಿಯಾಗಿ ಹರಿಯಿತು. ಬ್ಯಾಟರಿ ನಡೆಯುತ್ತಲೇ ಇತ್ತು. ಮಾರಿದ ಅಂಗಡಿಯವನು ಕಂಡಾಗಲೆಲ್ಲ "ನಿಮ್ಮಂಥೋರು ಹತ್ತು ಜನ ಇದ್ರೆ ನಾನು ಬಾಗಿಲು ಹಾಕ್ಬೇಕು ಸಾರ್" ಎನ್ನುತ್ತಿದ್ದ. ರಾಜ್ಯೋತ್ಸವ ಪ್ರಶಸ್ತಿಗೆ ಅರ್ಜಿ ಹಾಕದೇ ಉಳಿದವರಿಗೆ ಇದೇ ಪ್ರಶಸ್ತಿ.

ಮಗ ಹೇಳದೆ ಕೇಳದೆ ಲಿಥಿಯಂ ಬ್ಯಾಟರಿ ತಂದದ್ದು ಹೋದ ಯುಗಾದಿಗೆ. ಗೋಡೆಗೆ ನೇತುಹಾಕುವ ಬಿಳಿ ಪೆಟ್ಟಿಗೆ. ಯಜಮಾನರು ಸುತ್ತ ನೋಡಿ, ಮುಟ್ಟಿ, ಕೊನೆಗೆ ಜೋಡಿಸುವ ಹುಡುಗನನ್ನು ಕೇಳಿದರು: "ನೀರು ಹಾಕೋದು ಎಲ್ಲಿ?" ನೀರು ಬೇಡ ಸಾರ್, ಆವಿ ಇಲ್ಲ, ಗ್ಯಾಸ್ ಇಲ್ಲ, ಮುಕ್ಕಾಲು ಪಾಲು ಖಾಲಿಯಾದರೂ ತೊಂದರೆ ಇಲ್ಲ, ಒಳಗೇ ಕಾವಲು ಸರ್ಕ್ಯೂಟ್ ಇದೆ, ನೀವು ಏನೂ ಮಾಡಬೇಕಾಗಿಲ್ಲ ಎಂದ ಆ ಪಾಪದ ಹುಡುಗ. ಏನೂ ಮಾಡಬೇಕಾಗಿಲ್ಲ ಎಂಬ ಮಾತನ್ನು ಅವರು ಮನೆಯಲ್ಲಿ ಎಷ್ಟೋ ವಿಷಯಕ್ಕೆ ಕೇಳಿಸಿಕೊಂಡು ಸುಮ್ಮನಿದ್ದರು. ಬ್ಯಾಟರಿಯ ವಿಷಯದಲ್ಲಿ ಸುಮ್ಮನಿರಲಿಲ್ಲ.

ಹಳೇ ಬ್ಯಾಟರಿಯನ್ನು ಎಕ್ಸ್‌ಚೇಂಜಿಗೆ ಕೊಡಲು ಒಪ್ಪಲೇ ಇಲ್ಲ. ಅಷ್ಟು ಸೀಸಕ್ಕೆ ಸಿಗುತ್ತಿದ್ದ ರಿಯಾಯಿತಿ ಹೋದರೆ ಹೋಗಲಿ ಎಂದರು. ಐವತ್ತು ಕಿಲೋ ದಾಟುವ ಆ ಡಬ್ಬಿಯನ್ನು ಹಳೇ ಯುಪಿಎಸ್ ಸಮೇತ ಗೂಡ್ಸ್ ಆಟೋದಲ್ಲಿ ಏರಿಸಿ, ತಾವೂ ಪಕ್ಕದಲ್ಲಿ ಕೂತು, ಘಾಟಿ ಸುಬ್ರಹ್ಮಣ್ಯದ ಹತ್ತಿರದ ಹಳ್ಳಿಯಲ್ಲಿರುವ ತಂಗಿಯ ಮನೆಗೆ ಸಾಗಿಸಿದರು. ಕೊಟ್ಟಿಗೆಯಲ್ಲಿ ಮಣೆಯ ಮೇಲೆ ಸ್ಥಾಪನೆಯಾಯಿತು. ಟರ್ಮಿನಲ್ಲಿಗೆ ವ್ಯಾಸಲಿನ್ ಸವರಿ, ಡಿಸ್ಟಿಲ್ಡ್ ವಾಟರಿನ ಕ್ಯಾನು ಗೂಟಕ್ಕೆ ನೇತುಹಾಕಿ ಬಂದರು.

ಈಗ ಆ ಕಡೆ ಕರೆಂಟ್ ಹೋದ ಸುದ್ದಿ ಬಂದರೆ ಸಾಕು, ತಂಗಿಗೆ ಫೋನ್ ಹೋಗುತ್ತದೆ. ಮೊನ್ನೆ ರಾತ್ರಿ ನಾನು ಅವರ ಹಜಾರದಲ್ಲೇ ಕೂತಿದ್ದೆ. ಅಣ್ಣ ತಂಗಿಯರ ಕುಶಲ ವಿಚಾರಣೆ ಅರ್ಧ ನಿಮಿಷದಲ್ಲಿ ಮುಗಿಯಿತು. ಆಮೇಲೆ ಯಜಮಾನರ ದನಿ ಏರಿತು:

"ಕೊಟ್ಟಿಗೇಲಿ ಎರಡು ಬಲ್ಬ್ ಯಾಕೆ? ಹಸು ಏನು ಪೇಪರ್ ಓದುತ್ತಾ?"