ವಾಟಾಳರಿಗೆ ಪುಣಜನೂರು ಗೇಟಿನಲ್ಲೊಂದು ಬಿನ್ನವತ್ತಳೆ

ಬಂದ್ ಬ್ರಹ್ಮ, ಹರತಾಳ ಹಮ್ಮೀರ, ಕತ್ತೆ-ಎಮ್ಮೆ-ಖಾಲಿಕೊಡ ಇತ್ಯಾದಿ ಸಮಸ್ತ ಚಳವಳಿ ಸಾಮಗ್ರಿ ಸಾರ್ವಭೌಮ, ಕರಿಗನ್ನಡಕ ಕಂಠೀರವ, ತುಪ್ಪಳಟೋಪಿ ತ್ರಿವಿಕ್ರಮ, ಟೌನ್‌ಹಾಲ್ ಮೆಟ್ಟಿಲುಗಳ ಅನಭಿಷಿಕ್ತ ದೊರೆ, ಚಾಮರಾಜನಗರದ ಮಾಜಿ ಶಾಸಕ, ಭೂತಪೂರ್ವ ಶಾಸಕ, ನಿವೃತ್ತಿಯೇ ಇಲ್ಲದ ನಿಕಟಪೂರ್ವ ಶಾಸಕ ಶ್ರೀಮಾನ್ ವಾಟಾಳ್ ನಾಗರಾಜ್ ಅವರ ದಿವ್ಯ ಸನ್ನಿಧಾನಕ್ಕೆ:

ಕೊಯಮತ್ತೂರು, ತಿರುಪ್ಪೂರು ಉಭಯ ಜಿಲ್ಲೆಗಳ ಕನ್ನಡ ಮಾತಿನ ಮಗ್ಗದವರು, ಬನಿಯನ್ ಮೂಟೆಯವರು, ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದವರು, ನಾವೆಲ್ಲ ಗಡಿಯ ಪುಣಜನೂರು ಗೇಟಿನ ಈಚೆಯಿಂದಲೇ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಆಚೆ ಬಂದು ಹಾರ ಹಾಕುವ ಆಸೆಯಿತ್ತು. ಇವತ್ತು ಬಂದ್. ಕರೆ ಕೊಟ್ಟವರು ಯಾರೋ ಗೊತ್ತಿಲ್ಲ. ಆದರೆ ಬಂದ್ ಎಂದಕೂಡಲೇ ನಮ್ಮ ನಾಲಿಗೆಗೆ ಬರುವ ಹೆಸರು ತಮ್ಮದೊಂದೇ.

ಕರಿಗನ್ನಡಕ ಕಂಠೀರವರೇ, ಹಳೆಯ ಉಪಕಾರವನ್ನು ಮೊದಲು ಹೇಳಿಬಿಡುತ್ತೇವೆ. ಬೆಂಗಳೂರಿನ ಟಾಕೀಸುಗಳಲ್ಲಿ ಕನ್ನಡ ಚಿತ್ರಕ್ಕೆ ಜಾಗ ಸಿಗದಿದ್ದ ಅರವತ್ತರ ದಶಕದಲ್ಲಿ, ಅನಕೃ, ಮ. ರಾಮಮೂರ್ತಿ ಅವರಂಥವರು ಬೀದಿಗಿಳಿದಿದ್ದ ಕಾಲದಲ್ಲಿ, ತಾವೂ ಇಳಿದಿರಿ. ಬೂಟಿನೇಟು ತಿಂದಿರಿ. ಅದು ನಾಟಕವಲ್ಲ, ನಿಜವಾದ ಏಟು. ಆ ಹುಡುಗನಿಗೆ ನಾವು ಇವತ್ತೂ ಕೈಮುಗಿಯುತ್ತೇವೆ. ಈ ಸನ್ಮಾನ ಅವನಿಗಲ್ಲ, ಆಮೇಲೆ ಬಂದವರಿಗೆ.

ಚಾಮರಾಜನಗರದ ಮಹಾಜನತೆ ತಮ್ಮನ್ನು 1989ರಲ್ಲಿ, 1994ರಲ್ಲಿ, ಮಧ್ಯೆ ಒಮ್ಮೆ ಉಸಿರು ತೆಗೆದುಕೊಂಡು 2004ರಲ್ಲಿ ವಿಧಾನಸಭೆಗೆ ಕಳಿಸಿತು. 2008ರಿಂದ ಸತತ ನಾಲ್ಕು ಸಲ ಸಿ. ಪುಟ್ಟರಂಗಶೆಟ್ಟರನ್ನು ಕಳಿಸಿತು. ಇದರಿಂದ ತಮಗೆ ನಷ್ಟವೇನೂ ಆಗಲಿಲ್ಲ. ಶಾಸಕನ ಹುದ್ದೆಗೆ ಐದು ವರ್ಷದ ಗಡುವು ಉಂಟು, ಮಾಜಿ ಶಾಸಕನ ಹುದ್ದೆಗೆ ಗಡುವಿಲ್ಲ, ಮತಯಂತ್ರವಿಲ್ಲ, ಠೇವಣಿ ಹೋಗುವ ಭಯವಿಲ್ಲ. ಗೆದ್ದಾಗ ಒಂದು ಕ್ಷೇತ್ರ ಆಳುತ್ತಿದ್ದವರು ಸೋತ ಮೇಲೆ ಇಡೀ ರಾಜ್ಯಕ್ಕೆ ಬಾಗಿಲು ಹಾಕುವಷ್ಟು ಬೆಳೆದಿರಿ!

ನಮ್ಮ ಕೊಯಮತ್ತೂರಿನ ಒಬ್ಬ ಮಗನಿಗೆ ತಾವು ತೋರಿದ ಗೌರವವನ್ನು ಮರೆಯುವುದುಂಟೇ? 2017ರಲ್ಲಿ ಬಾಹುಬಲಿಯನ್ನು ಕಟ್ಟಪ್ಪ ಕೊಂದದ್ದೇಕೆ ಎಂದು ದೇಶಕ್ಕೆ ದೇಶವೇ ತಲೆ ಕೆಡಿಸಿಕೊಂಡಿದ್ದಾಗ, ಕಟ್ಟಪ್ಪನ ಪಾತ್ರದ ಸತ್ಯರಾಜ್ ಒಂಬತ್ತು ವರ್ಷದ ಹಿಂದೆ ಕಾವೇರಿ ವಿಚಾರದಲ್ಲಿ ಏನೆಂದಿದ್ದರು ಎಂದು ನೆನಪಿಟ್ಟು ಕೇಳಿದವರು ತಾವು. ಚಿತ್ರ ಬಿಡುಗಡೆಯ ದಿನವಾದ ಏಪ್ರಿಲ್ 28ಕ್ಕೇ ಬಂದ್ ಇಟ್ಟಿರಿ. ಸತ್ಯರಾಜ್ ಒಂದು ವಾರ ಮೊದಲು ವಿಷಾದ ಹೇಳಿದರು, ಬಂದ್ ರದ್ದಾಯಿತು, ಚಿತ್ರ ಕೋಟಿ ಕೋಟಿ ಬಾಚಿತು. ಕಾವೇರಿಗೆ ಮಾತ್ರ ಇದರಿಂದ ಒಂದು ತಂಬಿಗೆ ನೀರೂ ಹೆಚ್ಚಾಗಲಿಲ್ಲ.

2023ರ ಸೆಪ್ಟೆಂಬರ್ ಇನ್ನೂ ಸೊಗಸು. 26ಕ್ಕೆ ಒಂದು ಗುಂಪಿನ ಬೆಂಗಳೂರು ಬಂದ್, 29ಕ್ಕೆ ತಮ್ಮ ಕರ್ನಾಟಕ ಬಂದ್. ಒಂದೇ ನದಿ, ಒಂದೇ ವಾರ, ಎರಡು ಬಾಗಿಲು. ತಾವು ಬುರ್ಖಾ ತೊಟ್ಟು ಖಾಲಿ ಕೊಡ ಹಿಡಿದು ಬಂದಿರಿ, ಕ್ಯಾಮೆರಾದವರು ಧನ್ಯರಾದರು. 2025ರ ಮಾರ್ಚ್ 21ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರು, 22ಕ್ಕೆ ಬಂದ್! ಮರಾಠಿ ಮಾತಾಡಲಿಲ್ಲವೆಂದು ಬೆಳಗಾವಿಯ ಬಸ್ ಕಂಡಕ್ಟರ್‌ಗೆ ಹೊಡೆದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಪರೀಕ್ಷೆಗೆ ಕೂತ ಹುಡುಗಿಯ ಬಸ್ಸು ಏಕೆ ನಿಲ್ಲಬೇಕು ಸ್ವಾಮಿ? ಬಲವಂತದ ಬಂದ್ ಸಂವಿಧಾನಕ್ಕೆ ವಿರುದ್ಧ ಎಂದು ಕೇರಳ ಹೈಕೋರ್ಟು 1997ರಲ್ಲೇ ಹೇಳಿದೆ, ಅದೇ ವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ತೀರ್ಪು ಇಂಗ್ಲಿಷಿನಲ್ಲಿದ್ದದ್ದರಿಂದ ತಾವು ಓದಿರಲಿಕ್ಕಿಲ್ಲ.

ಕ್ಷಮಿಸಿ, ಬಿನ್ನವತ್ತಳೆಯಲ್ಲಿ ದನಿ ಏರಬಾರದು. ತ್ರಿವಿಕ್ರಮರೇ, ಟೋಪಿ ಸರಿಮಾಡಿಕೊಳ್ಳಿ, ಮುಂದುವರಿಸುತ್ತೇವೆ.

ಕೊಯಮತ್ತೂರಿನಿಂದ ಬೆಂಗಳೂರಿಗೆ ಹೋಗುವ 948ರ ಹೆದ್ದಾರಿ ಸತ್ಯಮಂಗಲ ದಾಟಿ, ದಿಂಬಂ ಘಾಟಿಯ 27 ತಿರುವು ಹತ್ತಿ, ಹಾಸನೂರು ಹಾದು, ಸೀದಾ ತಮ್ಮ ಹಳೇ ಕ್ಷೇತ್ರಕ್ಕೇ ಇಳಿಯುತ್ತದೆ. 2022ರ ಫೆಬ್ರವರಿಯಿಂದ ಹುಲಿ ಕಾಡಿನ ಸಲುವಾಗಿ ಇಲ್ಲಿ ರಾತ್ರಿ ಸಂಚಾರ ಬಂದ್. ಅದು ಮದ್ರಾಸ್ ಹೈಕೋರ್ಟಿನದು, ಹುಲಿಗಾದರೂ ಪ್ರಯೋಜನವುಂಟು. ಹಗಲಿನದು ತಮ್ಮಂಥವರದು. ಕಾವೇರಿ ಕಾವೇರಿದಾಗೆಲ್ಲ ತಮಿಳುನಾಡಿನ ಬಸ್ಸು ಗಡಿಯಲ್ಲೇ ಉಳಿಯುತ್ತದೆ. ಸತ್ಯಮಂಗಲದ ಮಲ್ಲಿಗೆಯನ್ನು ನಸುಕಿಗೆ ಮೊಗ್ಗಾಗಿ ಕಿತ್ತು ಬುಟ್ಟಿಗೆ ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸಿರುತ್ತಾರೆ. ಹತ್ತು ಗಂಟೆಯ ಬಿಸಿಲಿಗೆ ಗೋಣಿ ಒಣಗಿ, ಮೊಗ್ಗು ಬಾಯಿಬಿಟ್ಟು, ಮಧ್ಯಾಹ್ನಕ್ಕೆ ಅಂಚು ಕಂದುಬಣ್ಣಕ್ಕೆ ತಿರುಗುತ್ತದೆ. ಅರಳಿದ ಹೂವಿಗೆ ಮೈಸೂರಿನಲ್ಲಿ ಮೊಗ್ಗಿನ ಬೆಲೆ ಕೊಡುವ ಪುಣ್ಯಾತ್ಮ ಯಾರು?

ಇನ್ನು ತಮಗೆ ಪ್ರಿಯವಾದ ತಾಳವಾಡಿ. ಅದು ಕರ್ನಾಟಕಕ್ಕೆ ಸೇರಬೇಕೆಂದು ತಾವು ಎಷ್ಟೋ ವರ್ಷದಿಂದ ಕೂಗುತ್ತಿದ್ದೀರಿ. 2021ರ ಜನವರಿಯಲ್ಲಿ ತಮ್ಮ ಮೆರವಣಿಗೆ ಅಲ್ಲಿನ ಗಡಿಯ ತಮಿಳು ಫಲಕಗಳ ಮೇಲೆ ಕೈಮಾಡಿತು. ಚರಿತ್ರೆಯ ಒಂದು ಪುಟ ಒಪ್ಪಿಸಿಕೊಳ್ಳಿ: ಕೊಳ್ಳೇಗಾಲವೂ ಒಂದು ಕಾಲಕ್ಕೆ ನಮ್ಮ ಕೊಯಮತ್ತೂರು ಜಿಲ್ಲೆಯದೇ. 1956ರ ನವೆಂಬರ್ 1ರಂದು ಅದು ಮೈಸೂರಿಗೆ ಹೋಯಿತು, ತಾಳವಾಡಿ ಇತ್ತಲೇ ಉಳಿಯಿತು, 1979ರಲ್ಲಿ ಈರೋಡಿನ ಪಾಲಾಯಿತು. ಅಣ್ಣಾವ್ರು ರಾಜ್‌ಕುಮಾರರ ಗಾಜನೂರು ಇರುವುದು ತಾಳವಾಡಿಯಲ್ಲೇ. ಅಲ್ಲಿ ಮನೆಮಾತು ಕನ್ನಡ, ಸಂತೆಮಾತು ಕನ್ನಡ, ತಮಿಳು ಎರಡೂ. ಫಲಕ ಮುರಿದವರು ಸಂಜೆಗೆ ಮನೆ ಸೇರಿದರು. ಅಕ್ಕಪಕ್ಕದ ತಮಿಳರ ಮುಖ ಮರುದಿನ ನೋಡಬೇಕಾದವರು ಅಲ್ಲಿನ ಕನ್ನಡಿಗರು.

ಅಲ್ಲಿನ ಮಕ್ಕಳಿಗೆ ಬಂದ ನಿಜವಾದ ಕಷ್ಟ 2006ರ ತಮಿಳು ಕಲಿಕೆ ಕಾಯ್ದೆ. ಒಂದನೇ ತರಗತಿಯಲ್ಲಿ ಶುರುವಾದ ಕಡ್ಡಾಯ ತಮಿಳು ವರ್ಷಕ್ಕೊಂದು ಮೆಟ್ಟಿಲು ಏರಿ 2016ರ ಹೊತ್ತಿಗೆ ಹತ್ತನೇ ತರಗತಿಯ ಪರೀಕ್ಷೆಗೆ ಬಂದು ನಿಂತಿತು. ಭಾಷಾ ಅಲ್ಪಸಂಖ್ಯಾತರು ಕೋರ್ಟು ಕಚೇರಿ ಅಲೆದು ವಿನಾಯಿತಿ ತಂದುಕೊಂಡರು. ಅದಕ್ಕೆ ಕತ್ತೆ ಬೇಕಾಗಲಿಲ್ಲ, ಎಮ್ಮೆ ಬೇಕಾಗಲಿಲ್ಲ, ಖಾಲಿ ಕೊಡವೂ ಬೇಕಾಗಲಿಲ್ಲ. ಬೇಕಾದದ್ದು ಒಬ್ಬ ವಕೀಲ.

ಶಾಲು ತಂದಿಲ್ಲ. ತಿರುಪ್ಪೂರಿನವರಾದ್ದರಿಂದ ಅಪ್ಪಟ ಹತ್ತಿಯ ಒಂದು ಡಜನ್ ಬನಿಯನ್ ತಂದಿದ್ದೇವೆ, ಗೇಟು ತೆಗೆದ ಮೇಲೆ ಕಳಿಸುತ್ತೇವೆ. ಪ್ರತಿಯಾಗಿ ಒಂದೇ ಬೇಡಿಕೆ. ಮುಂದಿನ ಸಲ ತಾಳವಾಡಿಗೆ ಬರುವಾಗ ಮೆರವಣಿಗೆ ಬೇಡ. ಜೂನ್ ತಿಂಗಳಲ್ಲಿ ಒಬ್ಬರೇ ಬನ್ನಿ, ಕನ್ನಡ ಶಾಲೆಗಳಲ್ಲಿ ಮೇಷ್ಟ್ರು ಎಷ್ಟು ಜನ, ಪುಸ್ತಕ ಬಂದಿದೆಯೇ ಎಂದು ಕೇಳಿ ಬರೆದುಕೊಳ್ಳಿ, ಆ ಪಟ್ಟಿ ಹಿಡಿದು ವಿಧಾನಸೌಧದ ಮುಂದೆ ಕೂತುಕೊಳ್ಳಿ. ಎಷ್ಟು ದಿನ ಬೇಕಾದರೂ ಕೂತುಕೊಳ್ಳಿ. ಬಸ್ಸು ಮಾತ್ರ ಬಿಡಿ.