ಕನ್ನಡಕ ಜೋಪಾನ!

ಇಂಡೊನೇಷ್ಯಾದಲ್ಲಿ 1,00,000 ರುಪಿಯಾದ ನೋಟೇ ಉಂಟು. ಬಾಲಿಗೆ ಹೋದವರೆಲ್ಲ ಲಕ್ಷಾಧಿಪತಿಗಳೇ, ಊಟದ ಬಿಲ್ಲು ಬರುವ ತನಕ. ಸಸ್ಯಾಹಾರಿಗಳಿಗೆ ಗಾಡೊ-ಗಾಡೊ ಇದೆ: ಬೇಯಿಸಿದ ತರಕಾರಿ, ಟೆಂಪೆ, ಮೇಲೆ ಕಡಲೆಕಾಯಿ ಗೊಜ್ಜು. ಗೊಜ್ಜಿಗೆ ಸೀಗಡಿ ಪೇಸ್ಟ್ ಬಿದ್ದಿರಬಹುದು. ಮಡಿವಂತರು ತಿನ್ನುವ ಮೊದಲೇ ಕೇಳಬೇಕು, ಇಲ್ಲವೇ ಕೇಳಲೇಬಾರದು.

ಬಾಲಿಯ ಉಲುವಾಟು ದೇವಸ್ಥಾನದ ಕೋತಿಗಳಂತೂ ಪಕ್ಕಾ ವ್ಯಾಪಾರಸ್ಥರು. ಸೀದಾ ಮೂಗಿನ ಮೇಲಿನ ಕನ್ನಡಕಕ್ಕೇ ಕೈ. ಗೋಡೆ ಮೇಲೆ ಕೂತು, ಅದರ ಕಡ್ಡಿ ಕಚ್ಚುತ್ತಾ, ಹಣ್ಣು ಬರಲಿ ಅಂತ ಕಾಯುತ್ತವೆ. ಬೆಲೆಬಾಳುವ ಮಾಲಿಗೆ ಚೌಕಾಸಿ ಜಾಸ್ತಿ. ಸಂಶೋಧಕರೇ ಇದನ್ನು ಅಧ್ಯಯನ ಮಾಡಿದ್ದಾರೆ.

ಸಂಜೆ ಅಲ್ಲೇ ಕೆಚಕ್ ನೃತ್ಯ. ವಾದ್ಯವಿಲ್ಲ, ಹತ್ತಾರು ಗಂಡಸರ 'ಚಕ್ ಚಕ್' ಸದ್ದೇ ತಾಳ. ಬೆಂಕಿ ನಡುವೆ ಹನುಮಂತ ಕುಣಿದಾಗ ಚಪ್ಪಾಳೆಯೋ ಚಪ್ಪಾಳೆ. ಕನ್ನಡಕ ಕಳಕೊಂಡವರು ಮಾತ್ರ, 'ಏನಾಯ್ತು, ಏನಾಯ್ತು?' ಅಂತ ಪಕ್ಕದವರನ್ನು ತಿವಿಯುತ್ತಿರುತ್ತಾರೆ.