ಸ್ವರ್ಗದ ಬಾಗಿಲಲ್ಲಿ ಪೆರಿ

ನಿನ್ನೆ ರಾತ್ರಿ ನಮ್ಮನೆಯಿಂದ ಕೇಳಿಸಿದ್ದು ಚರ್ಚಿನ ಹಾಡಾ ಅಂದಿರಲ್ಲ ರಾಯರೇ, ಅಲ್ಲ. ಅದು ರಾಬರ್ಟ್ ಶೂಮನ್ನನ ‘ಪ್ಯಾರಡೈಸ್ ಮತ್ತು ಪೆರಿ’. ಆರಟೋರಿಯೊ ಅಂತಾರೆ. ವೇಷವಿಲ್ಲ, ಪರದೆಯಿಲ್ಲ, ನಮ್ಮ ತಾಳಮದ್ದಳೆಯ ಹಾಗೆ ಕಥೆಯೆಲ್ಲ ದನಿಯಲ್ಲೇ ನಡೀಬೇಕು. ಇಂಥದಕ್ಕೆ ಸಾಮಾನ್ಯವಾಗಿ ಬೈಬಲ್ಲಿನ ಕಥೆ ಇರುತ್ತೆ. ಶೂಮನ್ ಮಾತ್ರ ಐರಿಷ್ ಕವಿ ಥಾಮಸ್ ಮೂರ್ 1817ರಲ್ಲಿ ಪ್ರಕಟಿಸಿದ ‘ಲಲ್ಲಾ ರೂಖ್’ನಿಂದ ಎತ್ತಿಕೊಂಡ.

ಪೆರಿ ಸ್ವರ್ಗದಿಂದ ಹೊರಗುಳಿದವಳು. ಸ್ವರ್ಗಕ್ಕೆ ಎಲ್ಲಕ್ಕಿಂತ ಪ್ರಿಯವಾದ ಕಾಣಿಕೆ ತಂದರೆ ಒಳಗೆ ಬಿಡ್ತೀವಿ ಅಂತಾನೆ ದೇವದೂತ. ಅದನ್ನು ಹುಡುಕುತ್ತಾ ಅವಳು ಮೊದಲು ಬರೋದೇ ಹಿಂದುಸ್ತಾನಕ್ಕೆ! ನಾವು ಶಾಲೆಯಲ್ಲಿ ಓದಿದ ಅದೇ ಘಜ್ನಿ ಮಹಮದ್ ದಂಡೆತ್ತಿ ಬಂದಿದ್ದಾನೆ. ನದಿಯ ನೀರು ಕೆಂಪಾಗಿದೆ. ಒಬ್ಬನೇ ಉಳಿದ ತರುಣನ ಹತ್ತಿರ ಇರೋದು ಒಂದೇ ಬಾಣ. ಬಿಡ್ತಾನೆ, ಗುರಿ ತಪ್ಪುತ್ತೆ, ಸಾಯ್ತಾನೆ. ಇಲ್ಲಿ ಮೇಳದವರನ್ನು ಕೇಳಬೇಕು ರಾಯರೇ. ಗೆದ್ದವರ ಜಯಕಾರವೂ ಅವರದೇ, ನಾಡಿನವರ ಶಾಪವೂ ಅವರದೇ. ಹುಡುಗ ಬಿದ್ದ ಮೇಲೆ ಅಳೋರೂ ಅವರೇ. ಕೊಂದವರ ಗಂಟಲಿಂದಲೇ ಆ ಅಳು ಬಂದಾಗ ನನಗೆ ಕೂತಲ್ಲಿ ಕೂರೋಕಾಗಲ್ಲ.

ಅವನ ಕೊನೆಯ ರಕ್ತದ ಹನಿಯನ್ನು ಪೆರಿ ಹಿಡಿದಾಗ ಮೇಳವೆಲ್ಲ ಸೇರಿ ಆ ರಕ್ತವನ್ನು ಪವಿತ್ರ ಅಂತ ಹಾಡಿ ಮೊದಲ ಭಾಗ ಮುಗಿಸುತ್ತೆ. ಅಷ್ಟು ದೊಡ್ಡ ಹಾಡಾದ ಮೇಲೂ ಬಾಗಿಲು ತೆರೆಯಲ್ಲ! ಈಜಿಪ್ಟಿನಲ್ಲಿ, ಪ್ಲೇಗು ಬಡಿದ ಪ್ರಿಯಕರನನ್ನು ಅಪ್ಪಿಕೊಂಡೇ ಸತ್ತವಳ ನಿಟ್ಟುಸಿರು ತರ್ತಾಳೆ. ಅದೂ ಸಾಲದು. ಕೊನೆಗೆ ಸಿರಿಯಾದಲ್ಲಿ, ಪ್ರಾರ್ಥನೆಗೆ ಮೊಣಕಾಲೂರಿದ ಮಗುವನ್ನು ಕಂಡು ಪಾಪಿಯೊಬ್ಬ ಸುರಿಸಿದ ಕಣ್ಣೀರಿಗೆ ಬಾಗಿಲು ತೆರೆಯುತ್ತೆ. ವೀರನ ರಕ್ತಕ್ಕಿಂತ ಪಶ್ಚಾತ್ತಾಪದ ಕಣ್ಣೀರು ದೊಡ್ಡದು ಅಂತ ಶೂಮನ್ ನಂಬಿದ್ದ ಅಂತಲೇ ನನಗನ್ನಿಸುತ್ತೆ. ನಂಬದೆ ಇಂಥ ಸಂಗೀತ ಹುಟ್ಟೋದು ಹೇಗೆ?

1843ರ ಡಿಸೆಂಬರ್ 4ರಂದು ಲೈಪ್ಸಿಗ್‌ನ ಗೆವಾಂಡ್‌ಹೌಸ್‌ನಲ್ಲಿ ಅವನೇ ನಿಂತು ನಡೆಸಿಕೊಟ್ಟ. ಜನ ಮೆಚ್ಚಿದರು, ಅವನ ಹೆಸರು ಜರ್ಮನಿ ದಾಟಿ ಹೋಯಿತು. ಈಗ ಹಾಡೋರು ಅಪರೂಪ. ಚರ್ಚಿಗೆ ಒಗ್ಗೋ ಕಥೆಯಲ್ಲ, ರಂಗಕ್ಕೆ ಬರೆದಿದ್ದೂ ಅಲ್ಲ. ಮೇಲೆ ಬಿಡಿ ಗಾಯಕರೇ ಎಷ್ಟೊಂದು ಜನ ಬೇಕು, ದೊಡ್ಡ ಮೇಳ ಬೇಕು, ಸುಮಾರು ಒಂದೂವರೆ ಗಂಟೆ ದಣಿಯದೆ ಹಾಡಬೇಕು. ಹಾಗಂತ ಬಿಟ್ಟುಬಿಡೋದು ಅನ್ಯಾಯ. ಹಳೇ ಆರಟೋರಿಯೊಗಳ ಹಾಗೆ ಹಾಡು ನಿಂತು, ಒಣ ಕಥನ ಬಂದು, ಮತ್ತೆ ಹಾಡು ಅನ್ನೋ ತಡೆ ಇಲ್ಲಿಲ್ಲ. ಒಂದರೊಳಗೊಂದು ಹರಿದುಕೊಂಡು ಹೋಗುತ್ತೆ.

ಸೈಮನ್ ರ್ಯಾಟಲ್ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಮಾಡಿದ ಧ್ವನಿಮುದ್ರಿಕೆ ಇದೆ. ಭಾನುವಾರ ಬನ್ನಿ, ಅಮ್ಮಾವ್ರನ್ನೂ ಕರ್ಕೊಂಡು ಬನ್ನಿ. ಮೊದಲು ಎರಡನೇ ಭಾಗದ ಕೊನೆ ಹಾಕ್ತೀನಿ: ಸತ್ತ ಆ ಜೋಡಿಗೆ ಪೆರಿ ಜೋಗುಳ ಹಾಡ್ತಾಳೆ, ಮೇಳ ಮೆಲ್ಲಗೆ ದನಿಗೂಡಿಸುತ್ತೆ.